ಖುಷಿಯ ಹೊತ್ತಿಗೇ ಎದೆ ಡವಗುಟ್ಟಿದರೆ

ಪ್ರಶ್ನೆ: ನನಗೆ 34 ವರ್ಷ. ಕೆಲಸ, ಸಂಸಾರ ಎಲ್ಲ ಚೆನ್ನಾಗಿದೆ. ಆದರೆ ಖುಷಿಪಡಬೇಕಾದ ಹೊತ್ತಿಗೆ ಸರಿಯಾಗಿ ಎದೆ ಡವಗುಟ್ಟುತ್ತದೆ. ಮೊನ್ನೆ ಮಗಳು ಓಟದಲ್ಲಿ ಗೆದ್ದಳು. ಎಲ್ಲರೂ ಕುಣಿಯುತ್ತಿದ್ದರೆ, ಇವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಯೋಚನೆ ನನಗೆ. ಒಂದು ವರ್ಷದಿಂದ ಹೆಚ್ಚುಕಡಿಮೆ ದಿನವೂ ಹೀಗೇ, ನಿದ್ದೆಯೂ ಸರಿಯಿಲ್ಲ. ‘ನಿನಗೆ ಸುಖಪಡೋಕೇ ಬರಲ್ಲ’ ಅಂತಾರೆ ಗಂಡ. ನಾನು ಸಂತೋಷಕ್ಕೆ ಲಾಯಕ್ಕಿಲ್ಲದವಳೇ?

ಉತ್ತರ: ಖಂಡಿತ ಹಾಗಲ್ಲ. ಮಗಳ ಗೆಲುವು ನಿಮ್ಮನ್ನು ಮುಟ್ಟಿದೆ, ಮುಟ್ಟಿದ್ದಕ್ಕೇ ಹೆದರಿದ್ದೀರಿ.

ನಗುತ್ತಿರುವಾಗ ಬಂದ ಕೆಟ್ಟ ಸುದ್ದಿ, ಮೊದಲೇ ಬೇಜಾರಿನಲ್ಲಿರುವಾಗ ಬಂದದ್ದಕ್ಕಿಂತ ಜೋರಾಗಿ ಹೊಡೆಯುತ್ತದೆ. ಆತಂಕವಿರುವವರಿಗೆ ಆ ದಿಢೀರ್ ಕುಸಿತವನ್ನು ತಾಳುವುದೇ ಕಷ್ಟ, ಅದಕ್ಕೇ ಅವರು ಚಿಂತೆ ಮಾಡುತ್ತಾ ಮೊದಲೇ ಕೆಳಗೆ ಕೂತುಬಿಡುತ್ತಾರೆ ಎಂದು ಮನಶ್ಶಾಸ್ತ್ರಜ್ಞೆಯರಾದ ಮಿಶೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ವಿವರಿಸಿದರು. ಕೆಳಗೇ ಇದ್ದವರಿಗೆ ಬೀಳುವ ಭಯವಿಲ್ಲವಲ್ಲ! ‘ಜಾಸ್ತಿ ನಗಬೇಡ, ಆಮೇಲೆ ಅಳಬೇಕಾಗುತ್ತೆ’ ಎಂದು ಕೇಳಿಸಿಕೊಂಡೇ ಬೆಳೆದ ನಮಗಂತೂ ಈ ಲೆಕ್ಕಾಚಾರ ಹೊಸದಲ್ಲ. ಅದಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು: ಬರಲೇ ಇಲ್ಲದ ದುಃಖಕ್ಕೆ ಕೈಯಲ್ಲಿದ್ದ ಖುಷಿಯನ್ನು ಕೊಟ್ಟುಬಿಡುತ್ತೀರಿ. ಕೊನೆಗೆ ಏನೂ ಆಗದಿದ್ದಾಗ ಮನಸ್ಸು ಹಗುರಾಗುತ್ತದೆ. ಚಿಂತೆ ಮಾಡಿದ್ದಕ್ಕೇ ಪಾರಾದೆ ಎಂದು ಅದು ನಂಬಿ, ಮುಂದಿನ ಸಲ ಇನ್ನೂ ಬೇಗ ಶುರುಮಾಡುತ್ತದೆ.

ಈ ನಂಬಿಕೆಯನ್ನು ಬರೆದು ಪರೀಕ್ಷಿಸಿ. ತೀವ್ರ ಆತಂಕವಿರುವ ಒಂದು ಸಣ್ಣ ಗುಂಪು 10 ದಿನ ತಮ್ಮ ಚಿಂತೆಗಳನ್ನು ಬರೆದಿಟ್ಟು, ಯಾವುದು ನಿಜವಾಯಿತೆಂದು ಒಂದು ತಿಂಗಳು ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶೇ. 91ರಷ್ಟು ನಿಜವಾಗಲೇ ಇಲ್ಲ. ನೀವೂ ಒಂದು ನೋಟ್‌ಬುಕ್ ಇಡಿ. ‘ಏನೋ ಆಗುತ್ತೆ’ ಅಂತ ಬರೆಯಬೇಡಿ. ಏನು, ಯಾವಾಗ ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ತಾಳೆ ನೋಡಲಾಗುವುದಿಲ್ಲ.

ಇನ್ನೊಂದು ಅಭ್ಯಾಸ ಇದಕ್ಕಿಂತ ಕಷ್ಟ. ಮಗಳು ಓಡಿಬಂದು ಅಪ್ಪಿಕೊಂಡಾಗ ಒಂದೇ ಒಂದು ನಿಮಿಷ ಅಲ್ಲೇ ಇರಿ. ಅವಳ ಏದುಸಿರು, ಬೆವರಿದ ಕೈ, ಅವಳು ಹೇಳುತ್ತಿರುವ ಮಾತು. ಕೆಟ್ಟ ಯೋಚನೆ ಬಂದರೆ ಬರಲಿ, ಅದರೊಂದಿಗೆ ವಾದ ಬೇಡ. ಮತ್ತೆ ಅವಳ ಕೈಗೆ ಗಮನ ತನ್ನಿ. ಮೊದಮೊದಲು ಎದೆಬಡಿತ ಹೆಚ್ಚಲೂಬಹುದು, ಹೆದರಬೇಡಿ. ಸದಾ ಕಾವಲು ಕಾಯುವ ಮನಸ್ಸಿಗೆ ನಿರಾಳವಾಗಿರುವುದೂ ಅಪಾಯದಂತೆಯೇ ಕಾಣುತ್ತದೆ. ಮತ್ತೆಮತ್ತೆ ಮಾಡಿದರೆ ರೂಢಿಯಾಗುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಆರು ತಿಂಗಳಿಗೂ ಮೀರಿ, ಹೆಚ್ಚಿನ ದಿನಗಳಲ್ಲಿ ಹಿಡಿತಕ್ಕೆ ಸಿಗದ ಚಿಂತೆ, ಜೊತೆಗೆ ನಿದ್ದೆಯ ತೊಂದರೆ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಹಾರ್ಮೋನು ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಆತಂಕಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀವಾಗಿಯೇ ಬಿಡಬೇಡಿ.

ನಿಮ್ಮ ಯಜಮಾನರಿಗೂ ಇದನ್ನು ಓದಲು ಕೊಡಿ. ಅವರು ಕೆಟ್ಟ ಮನಸ್ಸಿನಿಂದ ಅಂದಿರಲಾರರು. ಆದರೂ ‘ಖುಷಿಯಾಗಿರು’ ಎಂಬ ಒತ್ತಾಯ ನಿಮ್ಮ ಪಾಲಿಗೆ ಇನ್ನೊಂದು ಪರೀಕ್ಷೆಯಾಗಿಬಿಟ್ಟಿದೆ. ಮುಂದಿನ ಸಲ ಏನೂ ಹೇಳದೆ ಪಕ್ಕದಲ್ಲಿ ಕೂತಿರಲು ಕೇಳಿಕೊಳ್ಳಿ.