ಹಿಮದ ದಾರಿಯಲ್ಲಿ ಕನ್ವರ್ಟಿಬಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಎರಡು ಸೀಟಿನ, ರಿಯರ್ ವೀಲ್ ಡ್ರೈವ್ (ಎಂಜಿನ್ ಹಿಂಚಕ್ರಗಳನ್ನಷ್ಟೇ ತಿರುಗಿಸುವ) ಕನ್ವರ್ಟಿಬಲ್, ಅಂದರೆ ಬಟ್ಟೆಯ ಛಾವಣಿ ಮಡಚಿಡಬಹುದಾದ ಕಾರು. ಬೇರೆ ಕಾರಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ರಸ್ತೆ ಮೇಲೆ ಹಿಮ. ಓಡಿಸಬಹುದೇ? ಹಿಂದಿನ ಎರಡು ಚಕ್ರಕ್ಕೆ ಮಾತ್ರ ವಿಂಟರ್ ಟೈರ್ ಹಾಕಿದರೆ ಸಾಲದೇ?

ಉತ್ತರ: ಧಾರಾಳವಾಗಿ ಓಡಿಸಬಹುದು. ಹಿಮದಲ್ಲಿ ಕಾರು ಜಾರುವುದು ಛಾವಣಿ ಬಟ್ಟೆಯದ್ದು ಅಂತಲ್ಲ, ಟೈರು ತಪ್ಪಾಗಿದೆ ಅಂತ. ಸ್ಪೋರ್ಟ್ಸ್ ಕಾರಿಗೆ ಕಂಪನಿಯಿಂದ ಬರುವ ಸಮ್ಮರ್ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಮೈನಸ್ 5 ಡಿಗ್ರಿಯ ಬೆಳಿಗ್ಗೆ ಅದರ ಬ್ಲಾಕಿಗೆ, ಅಂದರೆ ಮೈಮೇಲಿನ ಉಬ್ಬು ರಬ್ಬರ್ ತುಂಡಿಗೆ, ಉಗುರು ಒತ್ತಿ ನೋಡಿ, ಗಟ್ಟಿ ಪ್ಲಾಸ್ಟಿಕ್ಕಿನ ಹಾಗೆ ನಿಂತಿರುತ್ತದೆ. ವಿಂಟರ್ ಟೈರಿನ ಬ್ಲಾಕು ಅದೇ ಚಳಿಯಲ್ಲೂ ಉಗುರಿಗೆ ಬಗ್ಗುತ್ತದೆ. ಅದರ ಮೈಮೇಲೆ ಬ್ಲೇಡಿನಲ್ಲಿ ಗೀರಿದಂಥ ಅಂಕುಡೊಂಕು ಸೀಳುಗಳಿರುತ್ತವೆ. ಹಿಮ ಕಚ್ಚುವುದು ಆ ಸೀಳುಗಳ ಅಂಚು. ಅತಿ ಮೃದು ರಬ್ಬರಿನ ಟ್ರ್ಯಾಕ್ ಟೈರುಗಳಂತೂ ಕಡುಚಳಿಯಲ್ಲಿ ಕಾರು ಕದಲಿಸಿದರೇ ಬಿರುಕು ಬಿಡುವುದುಂಟು.

ಎರಡೇ ಟೈರು ಬದಲಿಸುವ ಯೋಚನೆ ಬಿಟ್ಟುಬಿಡಿ. ಹಿಂದಿನ ಎರಡು ಹಾಕಿಸಿದರೆ ಕಾರು ಸಲೀಸಾಗಿ ಹೊರಡುತ್ತದೆ, ಅಪಾಯ ಇರುವುದೇ ಅಲ್ಲಿ. ಬ್ರೇಕಿನ ಹೆಚ್ಚಿನ ಕೆಲಸವೂ ಸ್ಟೀರಿಂಗೂ ಮುಂದಿನ ಚಕ್ರಗಳದ್ದು. ಹೊರಟ ಕಾರು ತಿರುವಿನಲ್ಲಿ ನೇರವಾಗಿ ಹೋಗಿ ಬದುವಿಗೆ ಬೀಳುತ್ತದೆ. ನಾಲ್ಕೂ ಒಂದೇ ಮಾದರಿಯವು ಇರಲಿ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಚಿಹ್ನೆ ಹುಡುಕಿ. ಹಿಮದ ಮೇಲೆ ಪರೀಕ್ಷೆಯಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ) ಅಂತಿದ್ದರೆ ಅದು ಟ್ರೆಡ್, ಅಂದರೆ ನೆಲ ಮುಟ್ಟುವ ಮೈಯ ಗೀರುಗಳ, ವಿನ್ಯಾಸದ ಬಗ್ಗೆ ತಯಾರಕರು ಹೇಳಿಕೊಂಡ ಮಾತು, ಅಷ್ಟೇ. ಆಲ್ ಸೀಸನ್ ಟೈರಿನಲ್ಲೂ ಬೆಟ್ಟದ ಚಿಹ್ನೆಯವು ಇವೆ. ಆಗೊಮ್ಮೆ ಈಗೊಮ್ಮೆ ಹಿಮ ಬೀಳುವ ಕಡೆ ಅವು ನಡೆಯುತ್ತವೆ, ನಾಲ್ಕು ತಿಂಗಳ ಹಿಮಕ್ಕೆ ಪೂರಾ ವಿಂಟರ್ ಟೈರೇ ಬೇಕು. ಟ್ರೆಡ್ 4 ಮಿಲಿಮೀಟರಿಗಿಂತ ತೆಳುವಾದರೆ ಹಿಮದ ಮಟ್ಟಿಗೆ ಅದರ ಆಯಸ್ಸು ಮುಗಿಯಿತು.

ಪ್ರಶ್ನೆ: ಅಗಲ ಟೈರಿದ್ದರೆ ಹಿಡಿತ ಹೆಚ್ಚು ಅಂತಾರೆ. ವಿಂಟರ್ ಟೈರಿಗೂ ಅದೇ ಅಳತೆಯೇ? ಗಾಳಿ ಎಷ್ಟು?

ಉತ್ತರ: ಹಿಮದಲ್ಲಿ ಲೆಕ್ಕ ತಿರುವುಮುರುವು. ಸಡಿಲ ಹಿಮವನ್ನು ಸೀಳಿ ಕೆಳಗಿನ ಗಟ್ಟಿ ಪದರ ಮುಟ್ಟಬೇಕಾದರೆ ಟೈರು ಕಿರಿದಾಗಿರಬೇಕು. ಅಗಲದ್ದು ಹಿಮದ ಮೇಲೆ ತೇಲುತ್ತದೆ. ಟೈರಿನ ಅಳತೆಯಲ್ಲಿ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 225/45 ಆರ್ 17 ಇರುವ ಕಾರಿಗೆ 205/55 ಆರ್ 16 ಹಾಕಿದರೆ ಚಕ್ರದ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಮೇಲಾಗಿ ಟೈರಿನ ಪಕ್ಕ ಎತ್ತರವಾಗುವುದರಿಂದ ಹಿಮದಡಿ ಅಡಗಿದ ಗುಂಡಿಗೆ ರಿಮ್ ಬಗ್ಗುವುದೂ ಕಡಿಮೆ. ಆದರೆ ಸ್ಪೋರ್ಟ್ಸ್ ಕಾರಿನ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ದೊಡ್ಡದು, ಸಣ್ಣ ರಿಮ್ ಅದಕ್ಕೆ ತಗಲಬಹುದು. ಕಾರಿನ ಕೈಪಿಡಿಯಲ್ಲಿ ಒಪ್ಪಿದ ಅಳತೆಗಳ ಪಟ್ಟಿ ಇರುತ್ತದೆ. ಅದನ್ನು ನೋಡಿ, ಒಂದು ಚಕ್ರ ಕೂರಿಸಿ, ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿದ ಮೇಲೇ ನಾಲ್ಕನ್ನೂ ಕೊಳ್ಳಿ.

ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ, ಆದರೆ ತುಂಬುವ ಜಾಗ ಮುಖ್ಯ. ತಾಪಮಾನ 5–6 ಡಿಗ್ರಿ ಇಳಿದಂತೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯ ಬೆಚ್ಚಗಿನ ಗ್ಯಾರೇಜಿನಲ್ಲಿ 32 ತುಂಬಿಸಿ ಮೈನಸ್ 10ಕ್ಕೆ ತಂದರೆ ಗೇಜಿನಲ್ಲಿ 27ರ ಆಸುಪಾಸು ಕಾಣುತ್ತದೆ. ರಾತ್ರಿಯಿಡೀ ಹೊರಗೆ ನಿಂತ ಕಾರಿಗೆ ಬೆಳಿಗ್ಗೆ ಹೊರಗೇ ಅಳೆದು ತುಂಬಿ.

ಪ್ರಶ್ನೆ: ಬೆಳಿಗ್ಗೆ ಎದ್ದರೆ ಬಟ್ಟೆಯ ಛಾವಣಿ ಮೇಲೆ ಒಂದು ಗೇಣು ಹಿಮ, ಅಡಿಯಲ್ಲಿ ಮಂಜುಗಡ್ಡೆ. ಹೇಗೆ ತೆಗೆಯಲಿ? ಭಾರಕ್ಕೆ ಛಾವಣಿ ಕುಸಿಯುತ್ತದೆಯೇ?

ಉತ್ತರ: ಆಗಷ್ಟೇ ಬಿದ್ದ ಒಣ ಹಿಮಕ್ಕೆ ಹೆದರಬೇಕಿಲ್ಲ. ನೀರು ಕುಡಿದ ಹಿಮದ ಮಾತು ಬೇರೆ, ಘನ ಮೀಟರಿಗೆ 300 ಕಿಲೋ ತೂಗಬಹುದು. ಒಂದೂವರೆ ಚದರ ಮೀಟರ್ ಛಾವಣಿ ಮೇಲೆ 20 ಸೆಂಟಿಮೀಟರ್ ಕೂತರೆ 90 ಕಿಲೋ, ಅಂದರೆ ಒಬ್ಬ ದಢೂತಿ ಆಳು ಮಲಗಿದ ಹಾಗೆ. ಚೌಕಟ್ಟು ಒಡನೆ ಮುರಿಯದಿದ್ದರೂ ಬಟ್ಟೆ ಕಮಾನುಗಳ ನಡುವೆ ಜೋಲುತ್ತದೆ, ಹೊಲಿಗೆ ಎಳೆಯುತ್ತದೆ. ಹಿಮ ಬೀಳುತ್ತಲೇ ಇದ್ದರೆ ರಾತ್ರಿ ಮಲಗುವ ಮುಂಚೆ ಒಮ್ಮೆ ಗುಡಿಸಿಬಿಡಿ.

ಬೆಳಿಗ್ಗೆ ಮಾಡಬೇಕಾದದ್ದು ಹೀಗೆ. ಮೊದಲು ಸೈಲೆನ್ಸರ್ ಕೊಳವೆಯ ಬಾಯಿಯಿಂದ ಹಿಮ ತೆಗೆಯಿರಿ. ಅದು ಮುಚ್ಚಿರುವಾಗ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಬರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಮೇಲೆ ಬಯಲಿನಲ್ಲೇ ಎಂಜಿನ್ ಶುರುಮಾಡಿ, ಹೀಟರ್ ಹಾಕಿ. ಮೆತ್ತನೆ ಕೂದಲಿನ ಬ್ರಷ್ ಅಥವಾ ಫೋಮ್ ತಲೆಯ ಹಿಮಗುದ್ದಲಿಯಿಂದ ನಡುವಿನಿಂದ ಅಂಚಿನತ್ತ ದೂಡಿ. ತಳದಲ್ಲಿ ಅಂಟಿದ ತೆಳು ಮಂಜುಗಡ್ಡೆಯ ತಂಟೆಗೆ ಹೋಗಬೇಡಿ, ಒಳಗಿನ ಶಾಖಕ್ಕೆ ತಾನಾಗಿ ಬಿಡುತ್ತದೆ. ಗಾಜು ಕೆರೆಯುವ ಸ್ಕ್ರೇಪರ್ ಬಟ್ಟೆಗೆ ತಾಗಲೇಬಾರದು, ನೂಲು ಕಿತ್ತರೆ ಅಲ್ಲಿಂದಲೇ ಸೋರಿಕೆ. ಬಿಸಿನೀರು ಸುರಿದರೆ ಗಾಜು ಸೀಳಬಹುದು, ಹೊಲಿಗೆಗೆ ಇಳಿದ ನೀರು ಮತ್ತೆ ಹೆಪ್ಪುಗಟ್ಟುತ್ತದೆ.

ಒದ್ದೆ ಛಾವಣಿಯನ್ನೂ ಹೆಪ್ಪುಗಟ್ಟಿದ ಛಾವಣಿಯನ್ನೂ ಮಡಚಬೇಡಿ. ಮಡಿಕೆಯೊಳಗೆ ಸಿಕ್ಕ ಮಂಜುಗಡ್ಡೆ ಬಟ್ಟೆಯನ್ನು ಉಜ್ಜಿ ಹರಿಯುತ್ತದೆ, ಮೋಟಾರಿನ ಮೇಲೆ ಹೊರೆ ಬೀಳುತ್ತದೆ. ಹಳೆಯ ಕಾರುಗಳಲ್ಲಿ ಹಿಂದಿನ ಕಿಟಕಿ ಗಾಜಿನದ್ದಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದು. 1989ರಲ್ಲಿ ಬಂದ ಮೊದಲ ಮಜ್ದಾ ಎಂಎಕ್ಸ್-5 ಹಾಗೆಯೇ. ಚಳಿಯಲ್ಲಿ ಮಡಚಿದರೆ ಅದು ಹಪ್ಪಳದಂತೆ ಮುರಿಯುತ್ತದೆ. ಅಂಥ ಕಾರಿದ್ದರೆ 10 ಡಿಗ್ರಿಗಿಂತ ಕೆಳಗೆ ಛಾವಣಿ ಇಳಿಸಲೇಬೇಡಿ.

ಪ್ರಶ್ನೆ: ಚಳಿಯಲ್ಲಿ ಬಾಗಿಲು ತೆಗೆದರೆ ಕಿಟಕಿ ಗಾಜು ಇಳಿಯುವುದಿಲ್ಲ, ಬಾಗಿಲು ಮತ್ತೆ ಮುಚ್ಚುವುದೂ ಇಲ್ಲ.

ಉತ್ತರ: ಬಾಗಿಲಿಗೆ ಚೌಕಟ್ಟಿಲ್ಲದ ಕಾರುಗಳಲ್ಲಿ ಹಿಡಿ ಎತ್ತಿದ ಕೂಡಲೇ ಗಾಜು ಸುಮಾರು ಒಂದು ಸೆಂಟಿಮೀಟರ್ ಇಳಿದು ರಬ್ಬರ್ ಸೀಲಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿಲು ಹಾಕಿದ ಮೇಲೆ ಏರಿ ಮತ್ತೆ ಕೂರುತ್ತದೆ. ಸೀಲಿಗೆ ಗಾಜು ಹೆಪ್ಪುಗಟ್ಟಿ ಅಂಟಿದ್ದರೆ ಮೋಟಾರು ತಿಣುಕುತ್ತದೆ, ಗಾಜೆಳೆಯುವ ತಂತಿ ಹರಿಯುತ್ತದೆ. ಆದ್ದರಿಂದ ಜಗ್ಗಬೇಡಿ. ಮೊದಲು ಬಾಗಿಲಿನ ಅಂಚಿಗೆ ಅಂಗೈ ಇಟ್ಟು ಎರಡು ಮೂರು ಸಲ ಒಳಕ್ಕೆ ಒತ್ತಿ, ಚಟ್ ಅಂತ ಮಂಜುಗಡ್ಡೆ ಬಿಡುವ ಸದ್ದು ಕೇಳುತ್ತದೆ. ಗಾಜು ಇಳಿಯದೆ ಬಾಗಿಲು ತೆರೆದುಕೊಂಡಿದ್ದರೆ ಬಡಿದು ಮುಚ್ಚಬೇಡಿ, ಗಾಜಿನ ಮೇಲಂಚು ಛಾವಣಿಗೆ ಬಡಿಯುತ್ತದೆ. ಹೀಟರ್ ಹಾಕಿ, ಸ್ವಿಚ್ಚಿನಿಂದ ಗಾಜು ಇಳಿಸಿ, ಆಮೇಲೆ ಮುಚ್ಚಿ.

ಇದು ಬಾರದಂತೆ ನೋಡಿಕೊಳ್ಳುವುದು ಸುಲಭ. ಸೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಸಿಲಿಕೋನ್ ಗ್ರೀಸನ್ನು ಬೆರಳಿನಲ್ಲಿ ತೆಳ್ಳಗೆ ಸವರಿ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಆಯಿಲ್ ಬೇಡ, ರಬ್ಬರು ಊದಿಕೊಂಡು ಹಾಳಾಗುತ್ತದೆ.

ಪ್ರಶ್ನೆ: ಛಾವಣಿ ಎಲ್ಲೂ ಸೋರುವುದಿಲ್ಲ. ಆದರೂ ಒಳಗಿನ ಕಾರ್ಪೆಟ್ ಒದ್ದೆ, ಗಾಜಿನ ಒಳಮೈಗೆ ದಿನಾ ಇಬ್ಬನಿ.

ಉತ್ತರ: ನೀರು ಹೋಗುವ ದಾರಿ ಕಟ್ಟಿದೆ. ಈ ಪತ್ರಕ್ಕೆ ತುಸು ದೀರ್ಘವಾಗಿ ಉತ್ತರಿಸುತ್ತೇವೆ, ಏಕೆಂದರೆ ಕನ್ವರ್ಟಿಬಲ್‌ಗಳನ್ನು ಅಪಘಾತಕ್ಕಿಂತ ಹೆಚ್ಚಾಗಿ ಒಳಗಿಂದ ಕೊಲ್ಲುವುದು ಇದೇ. ಬಟ್ಟೆಯ ಮೇಲಿಂದ ಇಳಿದ ನೀರು ಛಾವಣಿಯ ಬುಡದ ರಬ್ಬರ್ ಕಾಲುವೆಗೆ ಬಿದ್ದು, ಸೀಟಿನ ಹಿಂದಿನ ಎರಡು ಕೊಳವೆಗಳ ಮೂಲಕ ಕಾರಿನಡಿಗೆ ಹೋಗಬೇಕು. ತರಗೆಲೆ, ಧೂಳು ಸೇರಿ ಕೊಳವೆಯಲ್ಲಿ ಕಪ್ಪು ಕೆಸರು ಕಟ್ಟುತ್ತದೆ. ಚಳಿ ಬಂದಾಗ ಆ ಕೆಸರಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಮೇಲೆ ಕರಗಿದ ಹಿಮದ ನೀರಿಗೆ ಬೇರೆ ದಾರಿ ಇಲ್ಲ, ಕಾರಿನೊಳಕ್ಕೆ ಉಕ್ಕುತ್ತದೆ. ಕಾರ್ಪೆಟ್ ಕೆಳಗಿನ ದಪ್ಪ ಫೋಮ್ ಅದನ್ನು ಲೀಟರುಗಟ್ಟಲೆ ಕುಡಿದು ಕೂರುತ್ತದೆ, ಮೇಲೆ ಮುಟ್ಟಿದರೆ ಬರೀ ತಣ್ಣಗೆ ಅನಿಸುತ್ತದೆ. ಕೆಲವು ಕಾರುಗಳಲ್ಲಿ ಸೀಟಿನ ಅಡಿಯಲ್ಲೇ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ ಇರುತ್ತದೆ. ಅದು ನೆನೆದರೆ ಕಾರು ಸ್ಟಾರ್ಟೇ ಆಗದು.

ಚಳಿಗಾಲಕ್ಕೆ ಮುಂಚೆ, ಹೆಪ್ಪುಗಟ್ಟದ ದಿನ ನೋಡಿ, ಪ್ರತಿ ಕಾಲುವೆಗೂ ಅರ್ಧ ಲೀಟರ್ ನೀರು ನಿಧಾನಕ್ಕೆ ಸುರಿಯಿರಿ. ಕೆಲವೇ ಕ್ಷಣದಲ್ಲಿ ಹಿಂಚಕ್ರದ ಬಳಿ ನೆಲಕ್ಕೆ ಸುರಿಯಬೇಕು. ನಿಂತರೆ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ತೂರಿಸಿ, ತಿರುಚುತ್ತಾ ಬಿಡಿಸಿ. ಲೋಹದ ತಂತಿ ಕೊಳವೆಯನ್ನು ತೂತು ಮಾಡುತ್ತದೆ. ಕಂಪ್ರೆಸರ್ ಗಾಳಿ ಬಿಟ್ಟರೆ ಕೊಳವೆ ಒಳಗೇ ಕಳಚಿಕೊಂಡು ಮೊದಲಿಗಿಂತ ದೊಡ್ಡ ತೊಂದರೆ. ಈಗಾಗಲೇ ನೆಂದ ಫೋಮ್ ಹೀಟರಿಗೆ ಒಣಗುವುದಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು ಫ್ಯಾನ್ ಹಾಕಬೇಕು. ಆಮೇಲೆ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ, ಹತ್ತುವ ಮುನ್ನ ಬೂಟಿನ ಹಿಮ ಕೊಡವಿ.

ಪ್ರಶ್ನೆ: ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟರೆ ಹಿಡಿತ ಬರುತ್ತದೆಯೇ?

ಉತ್ತರ: ಮುಂದೆ ಎಂಜಿನ್ ಇದ್ದು ಹಿಂಚಕ್ರ ತಿರುಗುವ ಕಾರಿಗೆ ತುಸು ಬರುತ್ತದೆ. 25–30 ಕಿಲೋ ಸಾಕು, ಹಿಂಚಕ್ರಗಳ ಆಕ್ಸಲ್‌ಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಬಿಗಿದು ಕಟ್ಟಿ. ಬಂಪರಿನ ಕಡೆಗೆ ಇಟ್ಟರೆ ಕಾರಿನ ಬಾಲ ಲೋಲಕದಂತೆ ಬೀಸುತ್ತದೆ. ಎಂಜಿನ್ ನಡುವೆಯೋ ಹಿಂದೆಯೋ ಇರುವ ಕಾರಿಗೆ ಇದು ಬೇಡ. ಒಳ್ಳೆ ಟೈರಿದ್ದರೆ ಮೂಟೆಗಿಂತ ಸಿಕ್ಕಿಬಿದ್ದಾಗ ಚಕ್ರದಡಿ ಚೆಲ್ಲಲು ಒಂದಿಷ್ಟು ಮರಳೇ ಹೆಚ್ಚು ಉಪಯೋಗಿ ಅನ್ನುವುದು ನಮ್ಮ ಅನುಭವ.

ಪ್ರಶ್ನೆ: ಹಿಮದಲ್ಲಿ ಓಡಿಸುವಾಗ ಈ ಕಾರಿಗೇ ವಿಶೇಷವಾದ ಎಚ್ಚರಿಕೆ ಏನು?

ಉತ್ತರ: ಎರಡನೇ ಗೇರಿನಲ್ಲಿ ಹೊರಡಿ. ಇಳಿಜಾರಿನಲ್ಲಿ ಗೇರು ಇಳಿಸುವಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಎಂಜಿನ್ ಹಿಂಚಕ್ರಗಳನ್ನಷ್ಟೇ ಹಿಡಿಯುತ್ತದೆ, ಬಾಲ ಹೊರಗೆ ಬರುತ್ತದೆ. ಹಾಗಾದರೆ ಕ್ಲಚ್ ಒತ್ತಿ, ಹೋಗಬೇಕಾದ ಕಡೆಗೆ ನೋಡುತ್ತಾ ಸ್ಟೀರಿಂಗ್ ತಿರುಗಿಸಿ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಗಿರಗಿರ ತಿರುಗದಂತೆ ಎರಡಕ್ಕೂ ಬಲ ಹಂಚುವ ಸಾಧನ) ಇರುವ ಕಾರು ಹಿಮದಿಂದ ಎದ್ದು ಬರುವುದರಲ್ಲಿ ಗಟ್ಟಿ. ಆದರೆ ಎರಡೂ ಚಕ್ರ ಒಟ್ಟಿಗೆ ಜಾರುವುದರಿಂದ ಓರೆ ರಸ್ತೆಯಲ್ಲಿ ಬಾಲ ಬೇಗ ಕೆಳಗಿಳಿಯುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ಆರಿಸಬೇಕಾದದ್ದು ಸಿಕ್ಕಿಬಿದ್ದಾಗ ಮಾತ್ರ, ಹೊರಬಂದ ತಕ್ಷಣ ಮತ್ತೆ ಹಾಕಿ.

ಇನ್ನೊಂದು ಮಿತಿಯನ್ನು ಯಾವ ಟೈರೂ ದಾಟಿಸಲಾರದು. ಇಂಥ ಕಾರಿನ ಹೊಟ್ಟೆ ನೆಲದಿಂದ 12–13 ಸೆಂಟಿಮೀಟರ್ ಮೇಲಿರುತ್ತದೆ. ಹಿಮ ಅದಕ್ಕಿಂತ ಆಳವಾದರೆ ಕಾರು ಅದರ ಮೇಲೆ ದೋಣಿಯಂತೆ ಕೂತುಬಿಡುತ್ತದೆ. ಹೊರಡುವ ಮುನ್ನ ಒಂದು ಕೋಲು ಅದ್ದಿ ನೋಡಿ. ರಸ್ತೆಯ ಹಿಮ ತಳ್ಳುವ ಗಾಡಿ ಬಂದು ಹೋಗುವವರೆಗೆ ಕಾಯುವುದೇ ವಾಸಿ.

ಪ್ರಶ್ನೆ: ಬಿಸಿಲಿದ್ದ ಚಳಿ ದಿನ ಛಾವಣಿ ತೆಗೆದು ಓಡಿಸಬಹುದೇ?

ಉತ್ತರ: ಖಂಡಿತ, ಅದಕ್ಕೇ ಅಲ್ಲವೇ ಈ ಕಾರು! ಬಟ್ಟೆ ಒಣಗಿರಬೇಕು, ರಸ್ತೆ ಒಣಗಿರಬೇಕು. ಬೆಚ್ಚಗಿನ ಗ್ಯಾರೇಜಿನಲ್ಲೇ ಛಾವಣಿ ಇಳಿಸಿ. ಪಕ್ಕದ ಗಾಜುಗಳು ಮೇಲಿರಲಿ, ಸೀಟಿನ ಹಿಂದೆ ಗಾಳಿತಡೆ ಇರಲಿ, ಹೀಟರನ್ನು ಪಾದದ ಕಡೆಗೆ ಬಿಡಿ. ದಾರಿಯಲ್ಲಿ ಛಾವಣಿ ಏರಿಸುವಾಗ ಚಳಿಗೆ ಬಿಗಿದ ಬಟ್ಟೆ ಮುಂದಿನ ಕೊಕ್ಕೆಗೆ ಬೆರಳಗಲ ಕಡಿಮೆ ಬೀಳಬಹುದು. ಬಲವಂತ ಬೇಡ. ನಿಂತಲ್ಲೇ ಹೀಟರ್ ಜೋರು ಮಾಡಿ ಹತ್ತು ನಿಮಿಷ ಬಿಟ್ಟು ಎಳೆದರೆ ಕೊಕ್ಕೆ ಸಿಗುತ್ತದೆ.

ಪ್ರಶ್ನೆ: ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪಿನಿಂದ ಕಾಪಾಡಲು ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಇಡುತ್ತೇನೆ. ಸರಿಯೇ?

ಉತ್ತರ: ತೊಳೆಯದೆ ಇಟ್ಟರೆ ತಪ್ಪು. ಉಪ್ಪುನೀರು ಹಿಡಿದ ಕಬ್ಬಿಣ ಬಿಸಿಯಲ್ಲಿ ಚಳಿಗಿಂತ ಎಷ್ಟೋ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ, ಸೊನ್ನೆ ಡಿಗ್ರಿಗಿಂತ ಮೇಲಿದ್ದ ದಿನ, ಕಾರಿನಡಿಗೆ ನೀರು ಹೊಡೆಯಿರಿ: ಚಕ್ರದ ಕಮಾನಿನ ಒಳಗೆ, ಬಾಗಿಲಿನ ಕೆಳಗಿನ ಅಂಚಿನಲ್ಲಿ, ಬ್ರೇಕ್ ಪೈಪಿನ ಉದ್ದಕ್ಕೂ. ಒತ್ತಡದ ನೀರನ್ನು ಛಾವಣಿಯ ಹೊಲಿಗೆಗೆ ಮಾತ್ರ ಹಿಡಿಯಬೇಡಿ. ತೊಳೆದ ಮೇಲೆ ಒಂದೆರಡು ಕಿಲೋಮೀಟರ್ ಓಡಿಸಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಡಿಸ್ಕ್ ಒಣಗಲಿ. ಹೊರಗೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಸಮತಟ್ಟಿನಲ್ಲಿ ಗೇರಿಗೆ ಹಾಕಿ ಬಿಡಿ. ಒದ್ದೆ ಹ್ಯಾಂಡ್‌ಬ್ರೇಕ್ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚಕ್ರ ಬಿಡುವುದಿಲ್ಲ.