ಕಪ್ಪತಗುಡ್ಡದ ಮೇಲೆ ಕಂಡ ಬೆಳಕು: ಸಂಪಾದಕರ ಉತ್ತರ

ಶಿರಹಟ್ಟಿ ಕಡೆಯ ಓದುಗರೊಬ್ಬರ ಪತ್ರ: "ನಸುಕಿನ ಐದಕ್ಕೆ ಮೆಣಸಿನಕಾಯಿ ಹೊಲಕ್ಕೆ ನೀರು ಬಿಡಲು ಹೋಗಿದ್ದೆ. ಕಪ್ಪತಗುಡ್ಡದ ಮೇಲೆ ತೆಂಗಿನಕಾಯಿಯಷ್ಟು ಹಳದಿ ಬೆಳಕು ಅತ್ತಿತ್ತ ಸರಿದಾಡುತ್ತಿತ್ತು. ಬೆಳ್ಳಿಚುಕ್ಕಿ ನನಗೆ ಗೊತ್ತು, ಇದು ಅದಲ್ಲ. ಪೊಲೀಸರಿಗೆ ಹೇಳಿದರೆ ನಕ್ಕರು. ಮಿಲಿಟರಿಯವರು ಇಂಥದ್ದನ್ನು ತನಿಖೆ ಮಾಡ್ತಾರಾ, ಮುಚ್ಚಿಡ್ತಾರಾ?"

ಕಾಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ನಕ್ಕವರದ್ದೇ ತಪ್ಪು. ಒಮ್ಮೆ ನಕ್ಕರೆ ಮುಗೀತು, ಕಂಡವರು ಮತ್ತೆ ಬಾಯಿ ಬಿಡೋದಿಲ್ಲ, ಆಮೇಲೆ ತನಿಖೆ ಮಾಡಲು ಏನು ಉಳೀತದೆ?

ತನಿಖೆ ಮಾಡ್ತಾರೆ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಹತ್ತಿರ ಏನೋ ಹಾರಾಡೋದು ಕಂಡು ಸುಮಾರು ಮೂರು ಗಂಟೆ ವಿಮಾನಗಳು ನಿಂತಿದ್ದವು. ವಾಯುಪಡೆ ರಫೇಲ್ ವಿಮಾನಗಳನ್ನು ಹುಡುಕಲು ಕಳಿಸಿತು, ಏನೂ ಸಿಗಲಿಲ್ಲ. ಆದರೆ ಬೇರೆ ಲೋಕದವರು ಬಂದರಾ ಅನ್ನೋದು ಅವರ ಚಿಂತೆಯಲ್ಲ. ಅದು ಯಾರದ್ದು, ಅಪಾಯ ಇದೆಯಾ, ಇಷ್ಟೇ. ಹಾಗಾಗಿ ನಿಮ್ಮ ಹೊಲದ ತನಕ ಅವರು ಬರ್ತಾರೆ ಅಂತ ಕಾಯಬೇಡಿ.

ಮುಚ್ಚಿಡೋ ಮಾತಿಗೆ ಬಂದರೆ, ಆಕಾಶದಲ್ಲಿ ಗುರುತು ಸಿಗದ್ದು ಕಂಡ ವರದಿಗಳ ತನಿಖೆಯನ್ನು ಅಮೆರಿಕದ ವಾಯುಪಡೆ 1969ರವರೆಗೆ ಪ್ರಾಜೆಕ್ಟ್ ಬ್ಲೂ ಬುಕ್ ಅನ್ನೋ ಹೆಸರಲ್ಲಿ ನಡೆಸಿತ್ತು. ಒಟ್ಟು 12,618 ವರದಿ, ಅದರಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಆ ಕಡತಗಳನ್ನು ಈಗ ಯಾರು ಬೇಕಾದರೂ ನೋಡಬಹುದು. ಉತ್ತರ ಸಿಗಲಿಲ್ಲ ಅಂದರೆ ಅನ್ಯಗ್ರಹದವರು ಅಂತ ಅಲ್ಲ, ಗುರುತು ಹಚ್ಚಲು ಆಗಲಿಲ್ಲ ಅಂತ ಅಷ್ಟೇ.

ಬ್ಲೂ ಬುಕ್‌ನವರು ಬೆಳಕು ಕಂಡವರಿಗೆ ತುಂಬಲು ಕೊಡುತ್ತಿದ್ದ ಫಾರ್ಮಿನ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. ಕೈ ಪೂರ್ತಿ ಚಾಚಿ ಹಿಡಿದರೆ ಅದು ಗುಂಡುಸೂಜಿಯ ತಲೆಯಷ್ಟಿತ್ತಾ, ಬಟಾಣಿ ಕಾಳಿನಷ್ಟಾ, ನಾಣ್ಯದಷ್ಟಾ? ಹುಣ್ಣಿಮೆ ಚಂದ್ರನೇ ಹಾಗೆ ಹಿಡಿದ ಒಂದು ಬಟಾಣಿ ಕಾಳಿನ ಹಿಂದೆ ಮುಚ್ಚಿಹೋಗ್ತಾನೆ, ಬೇಕಾದರೆ ಮನೆ ಮಾಳಿಗೆ ಮೇಲೆ ನಿಂತು ನೋಡಿ. ನೀವು "ತೆಂಗಿನಕಾಯಿಯಷ್ಟು" ಅಂತ ಬರೆದಿದ್ದೀರಿ. ಎಷ್ಟು ದೂರದ ತೆಂಗಿನಕಾಯಿ, ಕಾಕಾ?

ಬೆಳ್ಳಿಚುಕ್ಕಿ ಗೊತ್ತು ಅನ್ನೋ ನಿಮ್ಮ ಮಾತನ್ನು ನಂಬುತ್ತೇನೆ. ಆದರೂ ಲಡಾಖಿನ ಕತೆ ಕೇಳಿ. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿ ತನಕ ಪ್ಯಾಂಗಾಂಗ್ ಸರೋವರದ ಕಡೆ ನಮ್ಮ ಸೈನಿಕರು ಹಳದಿ ಬೆಳಕುಗಳನ್ನು 329 ಸಲ ಕಂಡು ಬರೆದಿಟ್ಟರು. ಚೀನಾದ ಡ್ರೋನ್ ಅಂತ ಅನುಮಾನ. ಕೊನೆಗೆ ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಅದನ್ನು ಗ್ರಹಗಳ ಜಾಡಿನ ಜೊತೆ ಹೋಲಿಸಿ ನೋಡಿದರು. ಒಂದು ಶುಕ್ರ, ಅಂದರೆ ಅದೇ ಬೆಳ್ಳಿಚುಕ್ಕಿ, ಇನ್ನೊಂದು ಗುರು! ಆ ಸೈನಿಕರು ಇಡೀ ರಾತ್ರಿ ಆಕಾಶದ ಕೆಳಗೇ ಕಾವಲು ಕಾಯುವವರು, ಅವರೇನು ದಡ್ಡರಲ್ಲ. ಅವರು ಬರೆದಿಟ್ಟಿದ್ದಕ್ಕೇ ಅದು ಬಗೆಹರಿಯಿತು.

ಶಿರಹಟ್ಟಿ ಕಡೆಯಿಂದ ಕಪ್ಪತಗುಡ್ಡ ಇರೋದೂ ಮೂಡಣಕ್ಕೇ, ಅಲ್ವಾ? ಶುಕ್ರ ಗುಡ್ಡದ ಅಂಚಿಗೆ ಇದ್ದಾಗ ದೂಳು, ಮಂಜು ಸೇರಿ ಹಳದಿಯಾಗಿ ಮಿನುಗುತ್ತದೆ. ಕತ್ತಲಲ್ಲಿ ಒಂದೇ ಬೆಳಕನ್ನು ದಿಟ್ಟಿಸಿದರೆ ನಿಂತದ್ದೂ ಸರಿದಾಡಿದಂತೆ ಕಾಣುತ್ತದೆ, ಅದು ಎಲ್ಲರ ಕಣ್ಣಿಗೂ ಆಗೋದೇ. ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಬೇರೆ ಇವೆ. ಇಷ್ಟಕ್ಕೇ ನಿಮ್ಮದು ಶುಕ್ರ ಅಂತ ನಾನು ತೀರ್ಮಾನ ಮಾಡೋದಿಲ್ಲ, ಯಾಕಂದ್ರೆ ನಿಮ್ಮ ಪತ್ರದಲ್ಲಿ ತಾರೀಕೇ ಇಲ್ಲ.

ನಾಳೆ ನಸುಕಿಗೆ ಹೊಲದ ಮೋಟರ್ ಶೆಡ್ ಹತ್ತಿರ ನಿಲ್ಲಿ. ಲೈಟಿನ ಕಂಬಕ್ಕೆ ಬೆನ್ನು ಹಚ್ಚಿ, ತಂತಿಗೆ ಸರಿಯಾಗಿ ಬೆಳಕನ್ನು ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ತಂತಿ ಬಿಟ್ಟು ಮೆಲ್ಲಗೆ ಮೇಲೇರಿದ್ದರೆ ಗ್ರಹವೋ ಚುಕ್ಕಿಯೋ ಇರಬಹುದು, ಕೆಳಗಿಳಿದು ಮತ್ತೆ ಎದ್ದರೆ ಬೇರೆ ಮಾತು. ಮೊದಲ ಸಲ ಕಂಡ ದಿನ, ಗಂಟೆ, ದಿಕ್ಕು ಎಲ್ಲ ಒಂದು ಕಾಗದದ ಮೇಲೆ ಬರೆದು ಕಳಿಸಿ. ಬೆಂಗಳೂರಿನ ಆ ಸಂಸ್ಥೆಗೆ ನಾನೇ ಮುಟ್ಟಿಸುತ್ತೇನೆ, ಅವರು ಹೇಳಿದ್ದನ್ನು ಇದೇ ಪುಟದಲ್ಲಿ ಹಾಕುತ್ತೇನೆ.