ಮ್ಯಾಜಿಕ್ ಮಿಸೈಲ್ ಜೇನುಹುಳ ಆದಾಗ ಏನಾಯಿತು ಅಂದರೆ

ದಾಳ ಹಾಕಿ, ಪಾತ್ರ ವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ವಿಝರ್ಡ್ (ಮಂತ್ರವಾದಿ) ಪಾತ್ರದ ಸ್ಪೆಲ್‌ಗಳಿಗೆ, ಅಂದರೆ ಮಂತ್ರಗಳಿಗೆ, ಹೊಸ ರೂಪ ಕೊಡುವ ಬಗ್ಗೆ ನೀವು ಹಾಕಿದ ಪೋಸ್ಟ್ ಓದಿ ಎದೆ ಧಸಕ್ಕೆಂದಿತು. ಹಿಮದ ವಿಝರ್ಡ್‌ಗೆ ಫೈರ್‌ಬಾಲ್ ಅನ್ನುವ ಬೆಂಕಿಯ ಸ್ಪೆಲ್ ಬದಲು ‘ಹಿಮದುಂಡೆ’, ಡ್ಯಾಮೇಜ್ (ಏಟು) ಬೆಂಕಿಯದಲ್ಲ, ಕೋಲ್ಡ್, ಜೊತೆಗೆ ತಗಲಿದವರ ಸ್ಪೀಡ್ ಅರ್ಧ. ‘ಫ್ಲೇವರ್ (ಬರೀ ವರ್ಣನೆ) ತಾನೇ’ ಅಂತ ಬೇರೆ ಬರೆದಿದ್ದೀರಿ. ಸ್ವಾಮಿ, ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ.

ನಮ್ಮ ಟೇಬಲ್ಲಿನಲ್ಲಿ ಒಬ್ಬರು ಮ್ಯಾಜಿಕ್ ಮಿಸೈಲ್ ಸ್ಪೆಲ್ಲನ್ನು ಜೇನುಹುಳ ಮಾಡಿಕೊಂಡರು. ಮಾಯೆಯ ಮೂರು ಡಾರ್ಟ್ ಬದಲು ಮೂರು ಹುಳ, ಅಂಗಿಯ ತೋಳಿನೊಳಗಿಂದ ಗುಂಯ್ ಅಂತ ಹೊರಡುತ್ತವೆ. ಚೆಂದವಾಗಿತ್ತು. ಡಿಎಂ (ಆಟ ನಡೆಸುವವನು) ಆಗಿದ್ದ ನಾನೇ ಹುರುಪಿನಲ್ಲಿ ‘ಕಚ್ಚಿದರೆ ಉರಿ ಇರುತ್ತೆ ಅಲ್ವಾ, ಕಾನ್ಸಂಟ್ರೇಷನ್ ಸೇವ್‌ಗೆ ಡಿಸ್‌ಅಡ್ವಾಂಟೇಜ್’ ಅಂದುಬಿಟ್ಟೆ. ಅಂದರೆ ಕಚ್ಚಿಸಿಕೊಂಡವನು ತನ್ನ ಸ್ಪೆಲ್ ಹಿಡಿದಿಟ್ಟುಕೊಳ್ಳಲು ಹಾಕುವ ದಾಳ ಇನ್ನಷ್ಟು ಕಷ್ಟ. ಮುಂದಿನ ವಾರ ಎದುರಾಳಿ ಶೀಲ್ಡ್ ಅನ್ನುವ ರಕ್ಷಣೆಯ ಸ್ಪೆಲ್ ಹಾಕಿದ. ಶೀಲ್ಡ್ ಇದ್ದರೆ ಮ್ಯಾಜಿಕ್ ಮಿಸೈಲ್ ತಾಗುವುದೇ ಇಲ್ಲ. ‘ಹುಳ ಸುತ್ತಿಕೊಂಡು ಬೆನ್ನ ಹಿಂದಿನಿಂದ ಬರುತ್ತವೆ’ ಅಂದರು ಹುಳದ ಆಟಗಾರರು. ಅದರಾಚೆ ವಾರ ಹೊಗೆ ತುಂಬಿದ ಅಡುಗೆಮನೆ. ರೋಗ್ (ಕಳ್ಳನ ಪಾತ್ರ) ಆಡುವವರ ಮನೆಯಲ್ಲಿ ಜೇನುಪೆಟ್ಟಿಗೆ ಇದೆ. ‘ಹೊಗೆ ಹಾಕಿದರೆ ಹುಳ ಮಂಕಾಗುತ್ತವೆ’ ಅಂತ ಅವರು ಹಟಕ್ಕೆ ಬಿದ್ದರು, ಅದೂ ತಮ್ಮದೇ ಪಾರ್ಟಿಯ ವಿರುದ್ಧ! ಸ್ಕೆಲಿಟನ್‌ಗೆ ಹುಳ ಕಚ್ಚಿದರೆ ಏನಾಗುತ್ತದೆ ಅಂತ ಇನ್ನೊಬ್ಬರು. ನಲವತ್ತು ನಿಮಿಷ ಹೋಯಿತು. ಆ ಕ್ಯಾಂಪೇನ್ (ವಾರವಾರ ಮುಂದುವರಿಯುವ ಕಥೆ) ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ.

ನೋಟ, ಸದ್ದು, ವಾಸನೆ ಆಟಗಾರರದ್ದು. ಡ್ಯಾಮೇಜ್, ಸೇವ್ (ತಪ್ಪಿಸಿಕೊಳ್ಳುವ ದಾಳ), ರೇಂಜ್ (ಎಷ್ಟು ದೂರ) ನಿಯಮದ ಪುಸ್ತಕದ್ದು. 2020ರ ‘ಟಾಶಾಸ್ ಕಾಲ್ಡ್ರನ್’ ಅನ್ನುವ ನಿಯಮ ಪುಸ್ತಕದಲ್ಲೂ ಇದನ್ನೇ ಹೇಳಿದ್ದಾರೆ. ಡ್ಯಾಮೇಜ್ ಬದಲಿಸಲೇಬೇಕೆಂದರೆ ಅದೇ ಪುಸ್ತಕದಲ್ಲಿ ಆರ್ಡರ್ ಆಫ್ ಸ್ಕ್ರೈಬ್ಸ್ ಅನ್ನುವ ವಿಝರ್ಡ್ ಉಪವರ್ಗ ಇದೆ, ಆ ಸಬ್‌ಕ್ಲಾಸ್ ತೆಗೆದುಕೊಳ್ಳಲಿ. ನೀವು ಅದನ್ನೇ ಪುಕ್ಕಟೆ ಹಂಚಿದರೆ ತೆಗೆದುಕೊಂಡವರು ಪೆದ್ದರಾಗುತ್ತಾರೆ. ‘ನನ್ನ ವಿಝರ್ಡ್ ಸುಮ್ನೆ ಕಣ್ಣು ಮಿಟುಕಿಸಿ ಸ್ಪೆಲ್ ಹಾಕುತ್ತಾನೆ’ ಅನ್ನುವುದೂ ಅಷ್ಟೇ. ಅದು ಸಾರ್ಸರರ್ (ಇನ್ನೊಂದು ಬಗೆಯ ಮಂತ್ರವಾದಿ) ಪಾತ್ರದ ‘ಸಟಲ್ ಸ್ಪೆಲ್’ ಕಲೆ, ಅವನು ಪಾಯಿಂಟ್ ಕೊಟ್ಟು ಮಾಡುವ ಕೆಲಸ. ಬಾಯಿ, ಕೈ ಆಡದಿದ್ದರೆ ಎದುರಾಳಿ ಕೌಂಟರ್‌ಸ್ಪೆಲ್ (ಸ್ಪೆಲ್ ತಡೆಯುವ ಸ್ಪೆಲ್) ಹಾಕುವುದು ಯಾವುದನ್ನು ನೋಡಿಕೊಂಡು?

ಇನ್ನು ಪ್ರತಿ ಸ್ಪೆಲ್‌ಗೂ ಅರ್ಧ ಪುಟ ವರ್ಣನೆ ಬರೆಸುತ್ತಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ನಾಲ್ಕನೇ ಸಲ ಓದುವಾಗ ಎಲ್ಲರೂ ಮೊಬೈಲ್ ನೋಡುತ್ತಾರೆ. ನಾನು ಇಡೀ ವಿಝರ್ಡ್‌ಗೆ ಒಂದೇ ಕಾರ್ಡ್ ಕೊಡುತ್ತೇನೆ. ಯಾರಿಂದ ಕಲಿತರು, ಕೈಯಲ್ಲಿ ಯಾವ ವಸ್ತು, ಸ್ಪೆಲ್ ಮುಗಿದ ಮೇಲೆ ಒಂದು ಗಳಿಗೆ ಏನು ಉಳಿಯುತ್ತದೆ. ಮೂರೇ ಸಾಲು. ಈಗಿನ ಆಟದಲ್ಲಿ ಒಬ್ಬಳು ನೇಕಾರರ ಮಗಳು, ವಸ್ತು ನೂಲು. ಮೇಜ್ ಹ್ಯಾಂಡ್ (ದೂರದ ವಸ್ತು ಎತ್ತುವ ಮಾಯೆಯ ಕೈ) ಅಂದರೆ ಗಾಳಿಯಲ್ಲಿ ಓಡುವ ಲಾಳಿ. ಶೀಲ್ಡ್‌ಗೆ ಮಗ್ಗದ ‘ಟಕ್’ ಸದ್ದು, ಬಾಣ ಕಾಣದ ಬಟ್ಟೆಗೆ ಸಿಕ್ಕಿ ನಿಲ್ಲುತ್ತದೆ. ಫೈರ್‌ಬಾಲ್ ಒಂದು ಕೆಂಪು ನೂಲಿನುಂಡೆ, ಬಿಚ್ಚಿಕೊಳ್ಳುತ್ತಾ ಹೋಗಿ ಭಗ್ಗೆನ್ನುತ್ತದೆ. ಆದರೆ ಅದು ಬೆಂಕಿಯೇ, 8ಡಿ6 (ಆರು ಮುಖದ ಎಂಟು ದಾಳ), 20 ಅಡಿ ತ್ರಿಜ್ಯ, ಒಂದಿಂಚೂ ಆಚೀಚೆ ಇಲ್ಲ. ಕೊನೆಯಲ್ಲಿ ಉಳಿಯುವುದು ಸುಟ್ಟ ಹತ್ತಿಯ ವಾಸನೆ.

ಆ ಮೂರನೇ ಸಾಲನ್ನು ಬಿಡಬೇಡಿ. ಒಂದು ಕೊಲೆಯಾದ ಕೋಣೆಯಲ್ಲಿ ‘ಸುಟ್ಟ ಹತ್ತಿಯ ವಾಸನೆ ಇದೆ’ ಅಂದೆ, ಅಷ್ಟೇ. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಗುರುವಿನ ಇನ್ನೊಬ್ಬ ಶಿಷ್ಯ ಮಾಡಿದ ಕೆಲಸ ಅಂತ ಅವಳಿಗೇ ಮೊದಲು ಹೊಳೆಯಿತು.

ಏನೂ ತೋಚದಿದ್ದರೆ ಸ್ಪೆಲ್‌ಗೆ ಬೇಕಾದ ವಸ್ತುಗಳನ್ನು ಹೇಳುವ ಪುಸ್ತಕದ ಕಾಂಪೊನೆಂಟ್ ಸಾಲು ಓದಿ. ಎಲ್ಲರೂ ಆ ವಸ್ತುಗಳ ಬದಲು ಬಳಸುವ ಫೋಕಸ್ (ಮಾಯದ ಕೋಲಿನಂಥದ್ದು) ಇದೆಯಲ್ಲ ಅಂತ ಹಾರಿಸುತ್ತಾರೆ. ಫೈರ್‌ಬಾಲ್‌ಗೆ ಬಾವಲಿ ಹಿಕ್ಕೆ ಮತ್ತು ಗಂಧಕ. ಲೈಟ್ನಿಂಗ್ ಬೋಲ್ಟ್‌ಗೆ ತುಪ್ಪಳದ ಚೂರು, ಗಾಜಿನ ಕೋಲು. ಎರಡನ್ನೂ ಉಜ್ಜಿ ನೋಡಿ, ವಿದ್ಯುತ್ ಹುಟ್ಟಿ ಕೂದಲು ನಿಲ್ಲುತ್ತದೆ!

ಕಾರ್ಡ್‌ಗೆ ನಟರಾಜ್ ಪೆನ್ಸಿಲ್ ಸಾಕು. ಜೆಲ್ ಪೆನ್ ಬೇಡ, ಬೋಂಡಾ ತಿಂದ ಕೈ ತಾಗಿದರೆ ಕಲಸಿಹೋಗುತ್ತದೆ. ಅಚ್ಚು ಹಾಕಿದ ಸ್ಪೆಲ್ ಕಾರ್ಡ್‌ಗಳಿಗೆ ಜಾಸ್ತಿ ದುಡ್ಡು ಸುರಿಯಬೇಡಿ, ಬರೆಯಲು ಜಾಗವೇ ಇರುವುದಿಲ್ಲ. ಮತ್ತೆ, ಮೊದಲು ಸ್ಪೆಲ್ ಹೆಸರು, ಆಮೇಲೆ ವರ್ಣನೆ. ‘ನೂಲು ಬಿಚ್ಚುತ್ತೇನೆ’ ಅಂದರೆ ಡಿಎಂಗೆ ಏನು ಗೊತ್ತಾಗಬೇಕು?

ಇನ್ನೊಂದು. ಬೇರೆ ವಿಝರ್ಡ್‌ನ ಪುಸ್ತಕದಿಂದ ಸ್ಪೆಲ್ ನಕಲು ಮಾಡಿದಾಗ ಸ್ಪೆಲ್‌ನ ಪ್ರತಿ ಲೆವೆಲ್‌ಗೆ (ಮಟ್ಟಕ್ಕೆ) 2 ಗಂಟೆ, 50 ಚಿನ್ನದ ನಾಣ್ಯ ಆಟದ ಲೆಕ್ಕದಲ್ಲಿ ಕಳೆದು ಸುಮ್ಮನೆ ಮುಂದೆ ಹೋಗಬೇಡಿ. ಮೊದಲ ಎರಡು ಸಲ ಹಾಕುವಾಗ ಹಳೆಯ ಯಜಮಾನನ ವಾಸನೆಯೇ ಬರಲಿ. ನಮ್ಮ ನೂಲಿನ ಹುಡುಗಿ ಒಂದು ವಾರ ಒದ್ದೆ ನಾಯಿಯ ವಾಸನೆ ಹೊತ್ತು ತಿರುಗಿದಳು.